ಎಡಗೈಯ ಮಚ್ಚು

ಡಿಸೆಂಬರ್ 14

ಅತ್ತೆಯವರಿಗೆ ನಮಸ್ಕಾರ.

ಗುಡ್ಡದ ತುದಿಗೆ ಹತ್ತಿ ನಿಮಗೆ ಫೋನ್ ಮಾಡಿದ ದಿನ ಗಾಳಿ ಜೋರಾಗಿತ್ತು. ನಾನು ಹೇಳಿದ್ದರಲ್ಲಿ ನಿಮಗೆಷ್ಟು ಕೇಳಿಸಿತೋ ಗೊತ್ತಿಲ್ಲ. ನೀವು ಹೇಳಿದ್ದರಲ್ಲಿ ನನಗಂತೂ "ಹೇಗೆ? ಹೇಗೆ?" ಅನ್ನುವುದು ಬಿಟ್ಟು ಬೇರೇನೂ ಕೇಳಿಸಲಿಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಶಿಬಿರಕ್ಕೆ ಸಾಮಾನು ತರುವ ವ್ಯಾನು ವಾರಕ್ಕೊಮ್ಮೆ ಬರುತ್ತದೆ, ಪತ್ರ ಅದರಲ್ಲೇ ಹೋಗುತ್ತದೆ.

ನಡೆದದ್ದು ಇಷ್ಟು. ಕಳೆದ ತಿಂಗಳ ಕೊನೆಯ ವಾರ, ಬೆಳಿಗ್ಗೆ, ಕಾಡಿನ ಕೆಲಸ ಕಲಿಯಲು ಬಂದ ಹನ್ನೆರಡು ಜನಕ್ಕೆ ನಿಮ್ಮ ಮಗಳು ಕೊರಡು ಸೀಳುವುದನ್ನು ತೋರಿಸುತ್ತಿದ್ದಳು. ನೀವು ಅವಳಿಗೆಂದೇ ಮಾಡಿಕೊಟ್ಟಿದ್ದಿರಲ್ಲ, ತುದಿ ಗಿಣಿಯ ಕೊಕ್ಕಿನಂತೆ ಬಾಗಿದ ಮಚ್ಚು, ಅದನ್ನು ಕೊರಡಿನ ಮೇಲಿಟ್ಟು ಬಲಗೈಯಿಂದ ಹಿಡಿಯನ್ನು ಒತ್ತಿ, ಎಡಗೈಯ ಮರದ ಕೊಡತಿಯಿಂದ ಅಲಗಿನ ಬೆನ್ನಿಗೆ ಹೊಡೆದಳು. ನಾಲ್ಕನೆಯ ಏಟಿಗೆ ಮಚ್ಚು ಕೊರಳಲ್ಲಿ, ಅಲಗು ಮುಗಿದು ಹಿಡಿ ಶುರುವಾಗುವ ಕಡೆ, ಪಟ್ಟನೆ ಮುರಿಯಿತು. ಒತ್ತಿ ಹಿಡಿದಿದ್ದ ಕೈ ಹೋಗಿ ಕೊರಡಿನಲ್ಲಿ ನಿಂತಿದ್ದ ಮುರುಕಿನ ಮೇಲೆ ಬಿತ್ತು.

ಗಾಯ ಅಂಗೈಗೆ. ಹೊಲಿಗೆ ಹಾಕಿದ್ದಾರೆ, ಮಾಯುತ್ತಿದೆ. ನೀವು ಗಾಬರಿಯಾಗಿ ಹೊರಟು ಬರುವುದು ಬೇಡ. ಅವಳೂ ಅದನ್ನೇ ಹೇಳಿದಳು: "ಬರಬೇಡ ಅಂತ ಬರಿ ಅಮ್ಮನಿಗೆ. ಎರಡು ದಿನದ ದಾರಿ, ಅದರಲ್ಲಿ ಅರ್ಧ ರಸ್ತೆ ಮುಚ್ಚಿದೆ."

ಈಗ ನನ್ನ ಬೇಡಿಕೆ. ಚಳಿ ಇಳಿದ ಮೇಲೆ ಮರಗಳನ್ನು ಸವರಿ ಬೇಲಿ ಹೆಣೆಯುವ ಕೆಲಸ ಶುರುವಾಗುತ್ತದೆ. ಆ ಹೊತ್ತಿಗೆ ಇನ್ನೊಂದು ಮಚ್ಚು ಮಾಡಿಕೊಡಬೇಕು. ಪೇಟೆಯ ಅಂಗಡಿಯಿಂದ ಒಂದು ತರಿಸಿದ್ದೇನೆ. ಅದರ ಹಿಡಿ ಕೆಂಪು ಪ್ಲಾಸ್ಟಿಕ್ಕು, ಅಲಗಿಗೆ ಕಪ್ಪು ಬಣ್ಣ, ನೋಡಲು ಭಾರಿ ಶೂರನ ಹಾಗೆ. ಅದರಲ್ಲಿ ಕಡ್ಡಿ ಕಡಿಯಲು ಹೋದರೆ ಕಡ್ಡಿಯೇ ಅಯ್ಯೋ ಪಾಪ ಅನ್ನುತ್ತದೆ. ಬೆಳಿಗ್ಗೆ ಮಸೆದರೆ ಮಧ್ಯಾಹ್ನಕ್ಕೆ ಮೊಂಡು. ನಿಮ್ಮ ಕೈಯ ಹತಾರ ಹಿಡಿದು ಅಭ್ಯಾಸವಾದವರಿಗೆ ಇದು ಶಿಕ್ಷೆ.

ಬೇಗ ಬರೆಯಿರಿ.

ನಿಮ್ಮ ಅಳಿಯ


ಡಿಸೆಂಬರ್ 27

ಅಳಿಯಂದಿರಿಗೆ ಅತ್ತೆ ಬರೆಯುವುದು.

ನಿನ್ನ ಪತ್ರ ಬಂತು. ಗಾಯದ ಬಗ್ಗೆ ಒಂದೂವರೆ ಸಾಲು, ಅಂಗಡಿಯ ಮಚ್ಚಿನ ಬಗ್ಗೆ ಐದು ಸಾಲು. ಎಷ್ಟು ಹೊಲಿಗೆ, ಯಾವ ಬೆರಳು, ಯಾರು ಹಾಕಿದರು, ರಾತ್ರಿ ನಿದ್ದೆ ಬರುತ್ತದೆಯೋ ಇಲ್ಲವೋ, ಇದ್ಯಾವುದೂ ಇಲ್ಲ. ನೀನು ಕಾಗದ ಬರೆಯುವುದನ್ನು ಯಾರ ಹತ್ತಿರ ಕಲಿತೆಯೋ ನಾ ಕಾಣೆ.

ಮಚ್ಚು ಮಾಡಿಕೊಡಲು ಆಗುವುದಿಲ್ಲ. ನಿನ್ನ ಫೋನ್ ಬಂದ ಸಂಜೆಯೇ ಕುಲುಮೆಯ ಕೆಂಡ ಕೆದಕಿ, ಹರಡಿ, ಆರಿಸಿದೆ. ಆಮೇಲೆ ಹಚ್ಚಿಲ್ಲ. ನಿನ್ನ ಮಾವ ತೀರಿಕೊಂಡಾಗಲೂ ಇದು ಎಂಟೇ ದಿನ ಆರಿದ್ದದ್ದು. ಒಂಬತ್ತನೆಯ ದಿನ ಯಾರೋ ಒಬ್ಬಳು ಹಲ್ಲು ಮುರಿದ ಕುಂಟೆ ಹಿಡಿದುಕೊಂಡು ಬಂದು ಬಾಗಿಲಲ್ಲಿ ನಿಂತಳು, ನಾನು ಎದ್ದೆ. ನಿನ್ನ ಮಾವನ ಸುತ್ತಿಗೆ ನನಗೆ ಭಾರ ಅಂತ ಊರೆಲ್ಲ ಹೇಳಿತು. ಅದು ನಿಜವೇ ಆಗಿತ್ತು, ಹಿಡಿ ಕತ್ತರಿಸಿ ಗಿಡ್ಡ ಮಾಡಿಕೊಂಡೆ. ಅಂದಿನಿಂದ ಮೂವತ್ತೊಂದು ವರ್ಷ. ನನ್ನ ಹತಾರ ಬಾಗಿ ವಾಪಸು ಬಂದಿದೆ, ಬಾಯಿ ಚಕ್ಕೆ ಎದ್ದು ಬಂದಿದೆ. ಮುರಿದು ಒಬ್ಬರ ಕೈ ಕುಯ್ದದ್ದು ಇದೇ ಮೊದಲು. ಆ ಒಬ್ಬರು ನನ್ನ ಮಗಳಾಗಬೇಕಿತ್ತು.

ಹಿಡಿ ಮಾಡಿಕೊಡುವ ಬಡಗಿ ಎಂದಿನಂತೆ ಬೆಳಿಗ್ಗೆ ಬರುತ್ತಾನೆ. ಸ್ಟೂಲಿನ ಮೇಲೆ ಕೂತು ಆರಿದ ಕುಲುಮೆಗೆ ಎರಡೂ ಕೈ ಚಾಚುತ್ತಾನೆ. "ಬೆಂಕಿ ಎಲ್ಲಿದೆ ಅಂತ ಕಾಯಿಸ್ಕೋತೀಯೋ?" ಅಂದೆ. "ಅಭ್ಯಾಸ ಅಕ್ಕ. ಬೆಂಕಿ ಇಲ್ಲ ಅಂತ ಕೈಗಿನ್ನೂ ಗೊತ್ತಾಗಿಲ್ಲ" ಅಂದ. ನನಗೆ ನಗು ಬರಲಿಲ್ಲ, ಪಾಪ ಅವನು ನಗಿಸಬೇಕೆಂದೇ ಹೇಳಿದ್ದ.

ನನಗೆ ಬೇಕಾದದ್ದು ಒಂದೇ. ಆ ಮಚ್ಚಿನ ಎರಡೂ ತುಂಡು ಕಳಿಸು. ಒರೆಸಬೇಡ, ಎಣ್ಣೆ ಹಚ್ಚಬೇಡ, ಇದ್ದ ಹಾಗೇ ಬಟ್ಟೆಯಲ್ಲಿ ಸುತ್ತಿ ಕಳಿಸು. ಮುರಿದ ಮುಖ ನೋಡಿದರೆ ಯಾಕೆ ಮುರಿಯಿತು ಅಂತ ನನಗೆ ಗೊತ್ತಾಗುತ್ತದೆ. ಅದು ಗೊತ್ತಾಗದೆ ನಾನು ಇನ್ನೊಂದು ತುಂಡು ಉಕ್ಕನ್ನು ಬೆಂಕಿಗೆ ಇಡಲಾರೆ, ಯಾರಿಗೇ ಆಗಲಿ.

ಅವಳು ಒಂದು ಸಾಲೂ ಬರೆಯಲಿಲ್ಲವಲ್ಲ. ನಿನ್ನ ಕಾಗದದ ಕೊನೆಗಾದರೂ ಒಂದು ಮಾತು ಗೀಚಬಹುದಿತ್ತು. ಸಿಟ್ಟಿದ್ದರೆ ಇರಲಿ, ಅದು ಅವಳ ಹಕ್ಕು. ನೀನು ಕೇಳಬೇಡ. ನಾನು ಕೇಳಿದೆ ಅಂತಲೂ ಹೇಳಬೇಡ.

ನಿನ್ನ ಅತ್ತೆ


ಜನವರಿ 19

ಅತ್ತೆಯವರಿಗೆ ನಮಸ್ಕಾರ.

ಉತ್ತರ ತಡವಾಯಿತು. ಎರಡು ವಾರ ವ್ಯಾನೇ ಬರಲಿಲ್ಲ. ನೀರಿನ ಕೊಳವೆ ಹೆಪ್ಪುಗಟ್ಟಿ ಒಡೆದು ಹೋಗಿತ್ತು, ತೊರೆಯಿಂದ ಬಕೆಟ್ಟಿನಲ್ಲಿ ಹೊತ್ತು ತಂದೆವು. ಹೊಸ ತಂಡದಲ್ಲಿ ಒಬ್ಬರು ಹಲ್ಲಿನ ಡಾಕ್ಟರು ಬಂದಿದ್ದಾರೆ. ಮರದ ಚಮಚ ಕೆತ್ತಿ ಅಂದರೆ ಅದರ ಒಳಗಿನ ಕುಳಿಯನ್ನು ಎಷ್ಟು ನಾಜೂಕಾಗಿ ತೋಡುತ್ತಾರೆ ಅಂದರೆ, ಚಮಚಕ್ಕೆ ನೋವಾದೀತು ಅನ್ನುವಂತೆ. ನಾಲ್ಕು ದಿನವಾಯಿತು, ಒಂದು ಚಮಚ ಮುಗಿದಿಲ್ಲ.

ಹತಾರದ ಕೋಣೆಯಲ್ಲಿ ಗೋಡೆಗೆ ಸಾಲಾಗಿ ಗೂಟ ಹೊಡೆದಿದ್ದೇವೆ, ನೀವು ನೋಡಿದ್ದೀರಿ. ಪ್ರತಿ ಗೂಟದ ಹಿಂದೆ ಆ ಹತಾರದ ಆಕಾರವನ್ನು ಸುಣ್ಣದಿಂದ ಬರೆದಿದೆ, ಯಾವುದು ವಾಪಸು ಬಂದಿಲ್ಲ ಅಂತ ಕಣ್ಣಿಗೆ ಬೀಳಲಿ ಅಂತ. ಬಾಗಿಲ ಪಕ್ಕದ ಗೂಟದಲ್ಲಿ ಬರಿಯ ಸುಣ್ಣದ ಮಚ್ಚು ಇದೆ. ನಾನು ಆ ಕಡೆ ನೋಡದೆ ಓಡಾಡುವುದನ್ನು ಕಲಿತಿದ್ದೇನೆ.

ತುಂಡುಗಳನ್ನು ಎಲ್ಲೋ ಇಟ್ಟಿದ್ದೇನೆ, ಹುಡುಕಬೇಕು. ಆ ಗಡಿಬಿಡಿಯಲ್ಲಿ ಯಾರು ಎತ್ತಿಟ್ಟರೋ. ಅದನ್ನು ನೋಡಿ ನೀವು ಮಾಡುವುದಾದರೂ ಏನು ಅತ್ತೆ? ಉಕ್ಕು ಅಂದ ಮೇಲೆ ಒಂದಲ್ಲ ಒಂದು ದಿನ ಮುರಿಯುತ್ತದೆ. ನಿಮ್ಮ ಕೈಯಲ್ಲಿ ದೋಷವಿಲ್ಲ ಅಂತ ನಾನು ಹೇಳುತ್ತೇನೆ, ನಂಬಿ. ಕುಲುಮೆ ಹಚ್ಚಿ. ಬೇರೆ ಯಾರ ಹತ್ತಿರವಾದರೂ ಮಾಡಿಸಬಹುದಿತ್ತು, ಆದರೆ ಅವಳು ಬೇರೆಯವರದನ್ನು ಕೈಯಲ್ಲಿ ಹಿಡಿಯುವುದಿಲ್ಲ. ಕೆಂಪು ಪ್ಲಾಸ್ಟಿಕ್ಕಿನದನ್ನು ನೋಡಿ "ಇದನ್ನ ಆಟದ ಸಾಮಾನಿನ ಡಬ್ಬದಲ್ಲಿ ಹಾಕು" ಅಂದಳು.

ಅವಳು ಚೆನ್ನಾಗಿದ್ದಾಳೆ. ಹೊಲಿಗೆ ಬಿಚ್ಚಿದ್ದಾರೆ.

ಹಾಂ, ಒಂದು ಮಾತು. ಈ ಸಲ ಮಾಡುವಾಗ ಅಲಗಿನ ಬಾಯಿಯ ಇಳಿಜಾರು ಎಡ ಮಗ್ಗುಲಿಗೆ ಇರಲಿ, ಬಲ ಮಗ್ಗುಲು ಚಪ್ಪಟೆ.

ನಿಮ್ಮ ಅಳಿಯ


ಫೆಬ್ರವರಿ 1

ಎಡಗೈ ಮಚ್ಚು ಯಾರಿಗೆ?

ಬಲಗೈಯವರ ಮಚ್ಚಿಗೆ ಇಳಿಜಾರು ಬಲಕ್ಕೆ. ಆಗ ಅಲಗು ಮರವನ್ನು ಕಚ್ಚುತ್ತದೆ. ಅದನ್ನೇ ಎಡಗೈಯಲ್ಲಿ ಹಿಡಿದರೆ ಜಾರಿ ಮೊಣಕಾಲಿಗೆ ಬರುತ್ತದೆ. ಇದು ನಿನಗೂ ಗೊತ್ತು, ನನಗೂ ಗೊತ್ತು. ಬೇಕೆಂದೇ ಎಡಕ್ಕೆ ಮಾಡಿ ಅನ್ನುತ್ತಿದ್ದೀಯ. ನೀನು ಬಲಗೈಯವನು. ಮದುವೆಯಾದ ಹೊಸತರಲ್ಲಿ ನಮ್ಮ ಮನೆ ಬಾಗಿಲಿನ ಕೀಲು ರಿಪೇರಿ ಮಾಡುತ್ತೇನೆಂದು ಹಾಳು ಮಾಡಿದ್ದೂ ಬಲಗೈಯಲ್ಲೇ. ಅವಳು ಬಲಗೈಯವಳು. ಅವಳ ಬಲಗೈ ಹಿಡಿದು ಮೊದಲ ಅಕ್ಷರ ಬರೆಸಿದವಳು ನಾನು.

ನನ್ನ ಮಗಳ ಕೈಗೆ ಏನಾಗಿದೆ? ಸುತ್ತಿ ಬಳಸಿ ಬರೆಯಬೇಡ. ಹಲ್ಲಿನ ಡಾಕ್ಟರ ಕತೆ ನನಗೆ ಬೇಡ.

ತುಂಡುಗಳನ್ನು ಕಳಿಸು. ಕಳೆದುಹೋಗಿವೆ ಅಂತ ಇನ್ನೊಮ್ಮೆ ಹೇಳಿದರೆ ನಾನು ನಂಬುವುದಿಲ್ಲ. ಸುಣ್ಣದ ಗೆರೆ ಎಳೆದು ಹತಾರ ಕಾಯುವವನು ನೀನು.

ಅತ್ತೆ


ಫೆಬ್ರವರಿ 16

ಅತ್ತೆಯವರಿಗೆ,

ನಮಸ್ಕಾರ ಅಂತ ಬರೆಯಲು ಕೈ ಬರುತ್ತಿಲ್ಲ. ಹೇಳಿಬಿಡುತ್ತೇನೆ.

ಗಾಯ ಬರಿಯ ಚರ್ಮಕ್ಕಲ್ಲ, ಒಳಗಿನ ನರದವರೆಗೆ ಹೋಗಿತ್ತು. ಪೇಟೆಯ ಆಸ್ಪತ್ರೆಯಲ್ಲಿ ಎರಡು ಸಲ ಆಪರೇಷನ್ ಆಯಿತು. ಹೆಬ್ಬೆರಳು, ತೋರುಬೆರಳು ಅಲ್ಲಾಡುತ್ತವೆ. ಉಳಿದ ಮೂರು ನೆಟ್ಟಗೆ ನಿಂತಿವೆ, ಮಡಚುವುದಿಲ್ಲ. ಡಾಕ್ಟರು ಮೇಜಿನ ಮೇಲಿದ್ದ ಪೆನ್ನು ತೋರಿಸಿ "ಇದನ್ನ ಹಿಡೀಬಹುದೇನೋ, ಮುಂದೆ. ಕೊಡಲಿ ಗಿಡಲಿ ಮರೆತುಬಿಡಿ" ಅಂದರು. ಅವಳು "ಸರಿ" ಅಂದಳು. ವಾಪಸು ಬಂದು ಬಸ್ಸು ಇಳಿಯುವಾಗ ಹೇಳಿದ ಮಾತು ಇಷ್ಟೇ: "ಅಮ್ಮನಿಗೆ ಗೊತ್ತಾಗಬಾರದು. ಆಣೆ ಹಾಕು." ಹಾಕಿದೆ. ಈಗ ಮುರಿಯುತ್ತಿದ್ದೇನೆ.

ಎಡಗೈಯಲ್ಲಿ ಎಲ್ಲವನ್ನೂ ಹೊಸದಾಗಿ ಕಲಿಯುತ್ತಿದ್ದಾಳೆ. ಊಟ ಮಾಡುವಾಗ ಚೆಲ್ಲಿಕೊಂಡರೆ ಜನರೆದುರು ನಗುತ್ತಾಳೆ. ಕೋಟಿನ ಗುಂಡಿ ಹಾಕಿಕೊಳ್ಳಲು ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳೆ, ಹೊತ್ತು ಕಳೆದ ಮೇಲೆ ನನ್ನನ್ನು ಕರೆಯುತ್ತಾಳೆ. ಶಿಬಿರದಲ್ಲಿ ಬಾಯಲ್ಲಿ ಹೇಳಿಕೊಡುತ್ತಾಳೆ, ಮಾಡಿ ತೋರಿಸುವುದು ನಾನು. ನಾನು ಅವಳಷ್ಟು ಚೆನ್ನಾಗಿ ಮಾಡುವುದಿಲ್ಲ ಅಂತ ಎಲ್ಲರಿಗೂ ಕಾಣುತ್ತದೆ. ಎಡಗೈ ಮಚ್ಚು ಕೇಳಿದವಳು ಅವಳಲ್ಲ. ನಾನೇ ಕೇಳಿದೆ, ಅವಳ ಕೈಗೆ ಒಂದು ಕೊಟ್ಟರೆ ಏಳುತ್ತಾಳೇನೋ ಅಂತ.

ಇನ್ನು ಎರಡನೆಯದು. ಇದನ್ನು ಯಾರಿಗೂ ಹೇಳಿಲ್ಲ, ಅವಳಿಗೂ.

ಮಚ್ಚು ಮುರಿಯುವುದಕ್ಕೆ ಹಿಂದಿನ ದಿನ ಬೆಳಿಗ್ಗೆ ಚಳಿ ಎಷ್ಟಿತ್ತೆಂದರೆ ಕಬ್ಬಿಣ ಮುಟ್ಟಿದರೆ ಚರ್ಮ ಅಂಟುತ್ತಿತ್ತು. ಅವಳು ಕೆಲಸಕ್ಕೆ ಮುಂಚೆ ಮಚ್ಚನ್ನು ಕಂಕುಳಲ್ಲಿ ಇಟ್ಟುಕೊಂಡು ಬೆಚ್ಚಗೆ ಮಾಡುತ್ತಾಳೆ, ತಣ್ಣಗಿನ ಉಕ್ಕು ಚಕ್ಕೆ ಏಳುತ್ತದೆ ಅಂತ. ನಾನು ಅವಳಿಗೆ ಆ ಕಷ್ಟ ಯಾಕೆ ಅಂತ, ಅವಳು ಏಳುವ ಮುಂಚೆ ಮಚ್ಚನ್ನು ಅಡುಗೆಮನೆಯ ಕಬ್ಬಿಣದ ಒಲೆಯ ಮೇಲಿಟ್ಟೆ. ಹಿಡಿ ಸುಡಬಾರದೆಂದು ಆಚೆ ಬಿಟ್ಟು, ಕೊರಳು ಒಲೆಯ ಮೇಲೆ ಬರುವಂತೆ. ಆಮೇಲೆ ಸೌದೆ ತರಲು ಹೋದವನು ಮರೆತೆ. ಬಂದು ನೋಡಿದರೆ ಕೊರಳೆಲ್ಲ ನೀಲಿಯಾಗಿತ್ತು, ನವಿಲಿನ ಕತ್ತಿನ ಹಾಗೆ.

ಕಾದ ಉಕ್ಕಿಗೆ ಬಣ್ಣ ಬಂದರೆ ಅದರ ಹದ ಹೋಯಿತು ಅಂತ ನೀವೇ ಒಮ್ಮೆ ಯಾರಿಗೋ ಬೈಯುತ್ತಿದ್ದಿರಿ, ನಾನು ಕೇಳಿಸಿಕೊಂಡಿದ್ದೆ. ಬೂದಿ ಹಾಕಿ ಉಜ್ಜಿ ಉಜ್ಜಿ ನೀಲಿಯನ್ನು ಅಳಿಸಿ, ಮೊದಲಿನಂತೆ ಬೆಳ್ಳಗೆ ಮಾಡಿ ಗೂಟಕ್ಕೆ ಹಾಕಿದೆ. ಅವಳಿಗೆ ಹೇಳಲಿಲ್ಲ. ಮರುದಿನ ಅದೇ ಜಾಗದಲ್ಲಿ ಮುರಿಯಿತು.

ಈಗ ಗೊತ್ತಾಯಿತಲ್ಲ, ನಾನು ತುಂಡುಗಳನ್ನು ಯಾಕೆ ಕಳಿಸಲಿಲ್ಲ ಅಂತ. ಇದರ ಜೊತೆ ಕಳಿಸಿದ್ದೇನೆ, ಮರದ ಪೆಟ್ಟಿಗೆಯಲ್ಲಿ. ನೀವು ನನ್ನನ್ನು ಏನು ಬೇಕಾದರೂ ಅನ್ನಿ. ಆದರೆ ನಿಮ್ಮ ಉಕ್ಕಿನದೇನೂ ತಪ್ಪಿಲ್ಲ, ನಿಮ್ಮ ಕೈಯದೂ ಇಲ್ಲ. ಕುಲುಮೆ ಹಚ್ಚಿ. ನೀವು ಹೇಳಿದ ದಿನ ನಾನು ಅವಳಿಗೂ ಹೇಳಿಬಿಡುತ್ತೇನೆ. ಅವಳು ಎದ್ದು ಹೋದರೆ ಹೋಗಲಿ, ನಾನು ತಡೆಯುವುದಿಲ್ಲ.

ಅಳಿಯ


ಫೆಬ್ರವರಿ 28

ಪೆಟ್ಟಿಗೆ ತಲುಪಿತು. ಇನ್ನೂ ಬಿಚ್ಚಿಲ್ಲ.

ಅವಳಿಗೆ ಈಗಲೇ ಏನೂ ಹೇಳಬೇಡ. ನಾನು ಬರೆಯುವವರೆಗೆ ತಡೆ.

ಅತ್ತೆ


ಮಾರ್ಚ್ 21

ಮಗನೇ,

ಇಷ್ಟು ದಿನ ಕಾಯಿಸಿದ್ದಕ್ಕೆ ನಿನಗೆ ಅನ್ನ ನೀರು ಸೇರಿರಲಿಕ್ಕಿಲ್ಲ. ಅದಕ್ಕೆ ನಾನೇ ಹೊಣೆ.

ನಿನ್ನ ಕಾಗದ ಓದಿದಾಗ ಮೊದಲು ಅವಳ ಕೈ ನೆನೆದು ಅತ್ತುಬಿಟ್ಟೆ. ಅತ್ತಾದ ಮೇಲೆ ಆದದ್ದು ಸಮಾಧಾನ. ನಾಚಿಕೆಗೇಡು, ಆದರೂ ಹೇಳುತ್ತೇನೆ. ತಪ್ಪು ನಿನ್ನದು, ನನ್ನದಲ್ಲ, ಅಂತ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಬಡಗಿಗೆ ಓದಿ ಹೇಳಿದೆ. "ಇನ್ನೇನಕ್ಕ, ಅಳಿಯನೇ ಒಪ್ಪಿಕೊಂಡ್ರಲ್ಲ. ಬೆಂಕಿ ಹಚ್ಚಿ, ನನ್ನ ಕೈಯೂ ಬೆಚ್ಚಗಾಗಲಿ" ಅಂದ. ಪೆಟ್ಟಿಗೆಯನ್ನು ಬಿಚ್ಚದೆ ಇದ್ದಿದ್ದರೆ ಹಾಗೇ ಹಚ್ಚುತ್ತಿದ್ದೆ. ಹತ್ತು ದಿನ ಅದು ನಾನು ಕಬ್ಬಿಣ ಬಡಿಯುವ ಅಡಿಗಲ್ಲಿನ ಪಕ್ಕ ಹಾಗೇ ಕೂತಿತ್ತು. ಬಿಚ್ಚಬೇಡ, ಬಿಚ್ಚಬೇಡ ಅಂತ ಒಳಗೆ ಯಾರೋ ಹೇಳುತ್ತಿದ್ದರು. ಹನ್ನೊಂದನೆಯ ದಿನ ಬಿಚ್ಚಿ, ತುಂಡುಗಳನ್ನು ಕಿಟಕಿಯ ಬೆಳಕಿಗೆ ಹಿಡಿದೆ.

ಗಮನವಿಟ್ಟು ಓದು. ಉಕ್ಕನ್ನು ಹದಕ್ಕಿಂತ ಹೆಚ್ಚು ಕಾಯಿಸಿದರೆ ಅದು ಮೆತ್ತಗಾಗುತ್ತದೆ. ಮೆತ್ತಗಾದದ್ದು ಬಾಗುತ್ತದೆ, ಪಟ್ಟನೆ ಮುರಿಯುವುದಿಲ್ಲ. ನಾನು ಬೈದದ್ದು ಬಾಯಿಗೆ ಬಣ್ಣ ಬರಿಸಿದವನಿಗೆ. ಕೊರಳಿಗೆ ನಾನೇ ಬೇಕೆಂದು ನೀಲಿ ಬರಿಸುತ್ತೇನೆ, ಏಟು ತಡೆದುಕೊಳ್ಳಲಿ ಅಂತ. ಪ್ರತಿ ಮಚ್ಚಿಗೂ ಬರಿಸುತ್ತೇನೆ, ಅವಳ ಮಚ್ಚಿಗೂ ಬರಿಸಿದ್ದೆ, ಆಮೇಲೆ ಚೆಂದ ಕಾಣಲಿ ಅಂತ ಹೊಳಪು ಹಾಕಿ ಒರೆಸಿದ್ದೆ. ನೀನು ಹೆದರಿ ಅಳಿಸಿದ ನೀಲಿಯಿಂದ ಅದಕ್ಕೆ ಕೂದಲೆಳೆಯಷ್ಟೂ ಕೇಡಾಗಿಲ್ಲ.

ಮುರಿದ ಮುಖದಲ್ಲಿ ಮುಕ್ಕಾಲು ಭಾಗ ಬೂದುಬಣ್ಣ, ಸಕ್ಕರೆ ಹರಳಿನಂತೆ ಹೊಳೆಯುತ್ತದೆ. ಅದು ಆ ದಿನ ಹೊಸದಾಗಿ ಮುರಿದದ್ದು. ಒಂದು ಮೂಲೆಯಲ್ಲಿ ಮಾತ್ರ, ಚಿಕ್ಕ ಉಗುರಿನಷ್ಟು ಜಾಗ, ಕಪ್ಪಗಿದೆ. ಬೆಂಕಿಯ ಕಪ್ಪು. ಬಿರುಕಿನ ಒಳಗೆ ಬೆಂಕಿಯ ಕಪ್ಪು ಹೋಗಬೇಕಾದರೆ, ಮಚ್ಚು ನನ್ನ ಕುಲುಮೆಯಲ್ಲಿ ಇರುವಾಗಲೇ ಆ ಬಿರುಕು ಇರಬೇಕು. ಹಿಡಿಯೊಳಗೆ ಹೋಗುವ ಬಾಲವನ್ನು ಬಡಿದು ಉದ್ದ ಎಳೆಯುವಾಗ ಉಕ್ಕು ಆರಿದ್ದರೂ ಇನ್ನೆರಡು ಏಟು ಹಾಕಿದ್ದೇನೆ, ಕೊರಳಲ್ಲಿ ಮಡಿಕೆ ಬಿದ್ದಿದೆ. ಅದು ಎಂಥ ಕಮ್ಮಾರನಿಗೂ ಆಗುತ್ತದೆ. ಅದಕ್ಕೆಂದೇ ನಮ್ಮಲ್ಲಿ ಒಂದು ಪದ್ಧತಿ ಇದೆ. ಹತಾರ ಯಾವುದೇ ಇರಲಿ, ಹಿಡಿ ಹಾಕುವ ಮುಂಚೆ ಅಡಿಗಲ್ಲಿನ ಮೇಲೆ ಚಪ್ಪಟೆಯಾಗಿ ಮೂರು ಏಟು, ಕೈಯಲ್ಲಿರುವಷ್ಟು ಬಲ ಹಾಕಿ. ಒಳಗೆ ಬಿರುಕಿದ್ದರೆ ಸದ್ದು ಸತ್ತು ಬರುತ್ತದೆ, ಇಲ್ಲವೇ ಅಲ್ಲೇ ಎರಡಾಗುತ್ತದೆ. ನಿನ್ನ ಮಾವ ಕುಡುಗೋಲಿಗೂ ಹೊಡೆಯುತ್ತಿದ್ದರು, ಎಲೆ ಕತ್ತರಿಸುವ ಚಾಕುವಿಗೂ ಹೊಡೆಯುತ್ತಿದ್ದರು. ನಾನು ಮೂವತ್ತೊಂದು ವರ್ಷದಲ್ಲಿ ಒಂದನ್ನೂ ಹೊಡೆಯದೆ ಬಾಗಿಲು ದಾಟಿಸಿಲ್ಲ.

ಅವಳದನ್ನು ಮಾತ್ರ ಹೊಡೆಯಲಿಲ್ಲ.

ಎರಡು ದಿನ ಕೂತು ಹೊಳಪು ಹಾಕಿದ್ದೆ. ಮುಖ ನೋಡಿಕೊಳ್ಳಬಹುದಿತ್ತು ಅದರಲ್ಲಿ. ಮೊದಲು ಹೊಡೆದು ಆಮೇಲೆ ಹೊಳಪು ಹಾಕಬೇಕಿತ್ತು, ಅವಳಿಗೆ ಅಂತ ಖುಷಿಯಲ್ಲಿ ಹಿಂದು ಮುಂದಾಯಿತು. ಸುತ್ತಿಗೆ ಎತ್ತಿದೆ, ಎತ್ತಿದವಳು ಕೆಳಗಿಟ್ಟೆ. ಗುರುತು ಬೀಳುತ್ತದೆ, ಮಗಳಿಗಲ್ಲವೇ ಅನ್ನಿಸಿತು. ಮನಸ್ಸು ಬರಲಿಲ್ಲ. ನೀನು ಫೋನ್ ಮಾಡಿದ ದಿನ "ಹೇಗೆ? ಹೇಗೆ?" ಅಂತ ಕೇಳಿದೆನಲ್ಲ, ಹೇಗೆ ಅಂತ ನನಗೆ ಆಗಲೇ ಗೊತ್ತಿತ್ತು.

ನಿನ್ನ ತಪ್ಪು ಇಷ್ಟು: ಮುಚ್ಚಿಟ್ಟದ್ದು. ನೀಲಿ ಕಂಡಾಗ ಅವಳಿಗೆ ಹೇಳಿದ್ದರೆ ಅವಳು ಮರುದಿನ ಅದನ್ನು ಕೈಗೆ ತೆಗೆದುಕೊಳ್ಳುತ್ತಿರಲಿಲ್ಲ. ಅದನ್ನು ನೀನು ಅವಳ ಹತ್ತಿರ ಹೇಳಿ ಮುಗಿಸಿಕೊ. ಕೈ ಹೋದದ್ದು ನನ್ನಿಂದ.

ಕಾರಣ ಗೊತ್ತಾದ ಮೇಲೆ ಕುಲುಮೆ ಹಚ್ಚಿದೆ. ಲಾರಿಯ ಹಳೆ ಸ್ಪ್ರಿಂಗಿನ ಪಟ್ಟಿ ತುಂಡು ಮಾಡಿ ಕಾಯಿಸಿದೆ. ಬಾಲ ಎಳೆಯುವಾಗ ಬಣ್ಣ ಕಿತ್ತಳೆಯಿಂದ ಕೆಂಪಿಗೆ ಇಳಿದ ಕೂಡಲೇ ಸುತ್ತಿಗೆ ನಿಲ್ಲಿಸಿ ಮತ್ತೆ ಬೆಂಕಿಗೆ ಕೊಟ್ಟೆ, ಹದಿನೇಳು ಸಲ. ಅಡಿಗಲ್ಲಿನ ಮೂತಿಗೆ ಹಾಕಿ ಕೊಕ್ಕು ಬಾಗಿಸಿದೆ. ಆಮೇಲೆ ಬಾಯಿ. ಒಂದೇ ಮಗ್ಗುಲಿಗೆ ಬಡಿದರೆ ಅಲಗು ಬಿಲ್ಲಾಗುತ್ತದೆ, ಅದಕ್ಕೆ ಮೊದಲೇ ಆಚೆ ಕಡೆಗೆ ಸ್ವಲ್ಪ ಬಾಗಿಸಿ ಇಟ್ಟುಕೊಳ್ಳಬೇಕು. ಎಲ್ಲ ಮಾಡಿ, ಬಡಿದು, ಎತ್ತಿ ನೋಡುತ್ತೇನೆ, ಇಳಿಜಾರು ಬಲಕ್ಕೆ! ತಲೆ ಎಡ ಅನ್ನುತ್ತಿತ್ತು, ಕೈ ತನ್ನ ಪಾಡಿಗೆ ಬಲಕ್ಕೆ ಹೋಗಿತ್ತು. ಎರಡನೆಯದರಲ್ಲೂ ಅರ್ಧಕ್ಕೆ ಬಂದಾಗ ಕೈ ಮತ್ತೆ ಬಲಕ್ಕೆ ಎಳೆಯಿತು. ಅಡಿಗಲ್ಲಿನ ಆಚೆ ಬದಿಗೆ ಹೋಗಿ ನಿಂತು ಬಡಿದೆ, ಗೋಡೆಗೆ ಮೊಣಕೈ ತಗುಲುತ್ತಿತ್ತು. ಅವಳಿಗೆ ಬೆಳಗಾದರೆ ಹೀಗೇ ಆಗುತ್ತಿರಬೇಕು ಅನ್ನಿಸಿ ಸುತ್ತಿಗೆ ಕೆಳಗಿಟ್ಟು ಅಳುತ್ತಾ ನಿಂತೆ. ಬಡಗಿ ಎದ್ದು ಹೊರಗೆ ಹೋದ. ಅವನಿಗೂ ಅಷ್ಟು ಬುದ್ಧಿ ಇದೆ.

ಮೂರನೆಯದು ಸರಿಯಾಯಿತು. ಎಣ್ಣೆಯಲ್ಲಿ ಅದ್ದಿ ಗಟ್ಟಿ ಮಾಡಿ, ಮತ್ತೆ ಸಣ್ಣ ಉರಿಯಲ್ಲಿ ಕಾಯಿಸಿ ಬಾಯಿಗೆ ಒಣಹುಲ್ಲಿನ ಬಣ್ಣ, ಕೊರಳಿಗೆ ನೀಲಿ ಬರಿಸಿದೆ. ಆಮೇಲೆ ಹೊಡೆದೆ. ಮೂರಲ್ಲ, ಕೈ ಸೋಲುವವರೆಗೆ ಹೊಡೆದೆ. ಸದ್ದು ಚೆನ್ನಾಗಿದೆ. ಹೊಳಪು ಹಾಕಿಲ್ಲ, ಏಟಿನ ಗುರುತೆಲ್ಲ ಹಾಗೇ ಇದೆ. ಬಡಗಿ ಹಿಡಿ ಹಾಕಿದ್ದಾನೆ, ಅವಳ ಎಡಗೈ ಬಲಗೈಗಿಂತ ತುಸು ಸಣ್ಣ, ಅದನ್ನು ನೆನಪಿಟ್ಟು ಹೇಳಿದೆ.

ಮಚ್ಚು ಕಪಾಟಿನಲ್ಲಿದೆ. ನನ್ನ ಕೈಯದು ಅವಳಿಗೆ ಇನ್ನು ಬೇಡವಾಗಿದ್ದರೆ ಅದು ಅಲ್ಲೇ ಇರುತ್ತದೆ, ಬೇರೆಯವರಿಗೆ ಕೊಡುವುದಿಲ್ಲ. ಬೇಕು ಅಂದರೆ ಅಂಚೆಗೆ ಹಾಕುತ್ತೇನೆ. ಈ ಕಾಗದವನ್ನು ಅವಳಿಗೆ ಓದಿ ಹೇಳು, ಒಂದಕ್ಷರ ಬಿಡಬೇಡ. ಅವಳಿಗೇ ಬರೆಯಬೇಕೆಂದು ನಾಲ್ಕು ಸಲ ಕೂತೆ. ಯಾವ ಮುಖ ಇಟ್ಟುಕೊಂಡು ಬರೆಯಲಿ?

ನಿನ್ನ ಅತ್ತೆ


ಏಪ್ರಿಲ್ 9

ಅಮ್ಮ,

ಅಕ್ಷರ ನೋಡಿ ಹೆದರಬೇಡ. ಎಡಗೈಯದು. ಇಷ್ಟು ಬರೆಯಲು ಆರು ದಿನ ಆಗಿದೆ. ಸಾಲು ಮೇಲಕ್ಕೆ ಹತ್ತುತ್ತದೆ, ನಾನೇನು ಮಾಡಲಿ.

ನಿನ್ನ ಅಳಿಯ ನಿನ್ನ ಕಾಗದ ಓದಲು ಶುರು ಮಾಡಿದ. ನೀಲಿಯ ವಿಷಯ ಬಂದಾಗ ಓದುವುದು ನಿಲ್ಲಿಸಿ ಒಲೆಯ ಕತೆಯನ್ನೆಲ್ಲ ಹೇಳಿಬಿಟ್ಟ. ಕಿತ್ತುಕೊಂಡು ನಾನೇ ಓದಿದೆ, ನನ್ನ ಕಣ್ಣಿಗೇನೂ ಆಗಿಲ್ಲವಲ್ಲ. ಆಮೇಲೆ ಎರಡು ದಿನ ಅವನ ಜೊತೆ ಮಾತು ಬಿಟ್ಟೆ. ಮೂರನೆಯ ದಿನ ಕೋಟಿನ ಗುಂಡಿ ಹಾಕಿಸಿಕೊಳ್ಳಬೇಕಿತ್ತು, ಮಾತಾಡಿದೆ. ಅವನನ್ನು ಬಿಟ್ಟು ಎಲ್ಲಿಗೂ ಹೋಗುವುದಿಲ್ಲ, ಅವನಿಗೆ ಸ್ವಲ್ಪ ದಿನ ಹೀಗೇ ಹೆದರಿಕೆ ಇರಲಿ.

ನೀನು ಹೊಡೆದು ನೋಡದೆ ಕೊಟ್ಟದ್ದು ತಪ್ಪು. ಅಲ್ಲ ಅಂತ ನಾನು ಹೇಳುವುದಿಲ್ಲ. ನೀನು ಸುಮ್ಮನಿದ್ದಿದ್ದರೆ ತಪ್ಪೆಲ್ಲ ಜೀವಮಾನ ಪೂರ್ತಿ ಅವನ ತಲೆಗೆ ಹೋಗುತ್ತಿತ್ತು. ನೀನು ಸುಮ್ಮನಿರಲಿಲ್ಲ. ಅದು ನನಗೆ ಸಾಕು.

ಆದರೆ ನನಗೆ ನಿನ್ನ ಮೇಲೆ ಸಿಟ್ಟಿದೆ ಅಮ್ಮ, ಇದಕ್ಕಲ್ಲ. ನಾಲ್ಕು ತಿಂಗಳಲ್ಲಿ ನೀನು ನಾಲ್ಕು ಕಾಗದ ಬರೆದೆ. ನಾಲ್ಕೂ ಅವನಿಗೆ. ಪ್ರತಿ ವಾರ ವ್ಯಾನು ಬಂದಾಗ ನಾನೇ ಮೊದಲು ಹೋಗಿ ಅಂಚೆ ಚೀಲ ಬಿಚ್ಚುತ್ತಿದ್ದೆ, ಹಲ್ಲಿನಲ್ಲಿ ಗಂಟು ಎಳೆದು. ನಿನ್ನ ಅಕ್ಷರ ಕಾಣುತ್ತಿತ್ತು. ಹೆಸರು ಅವನದು. ಒಳಗೆ ಏನಿದೆ ಅಂತ ಕೇಳಿದರೆ "ಮಚ್ಚಿನ ವಿಷಯ" ಅನ್ನುತ್ತಿದ್ದ. ನಾನು ಸಿಟ್ಟಿನಲ್ಲಿ ಬರೆಯುತ್ತಿಲ್ಲ ಅಂತ ನೀನು ತಿಳಿದುಕೊಂಡೆ. ನಾನು ಬರೆಯಲಾಗದೆ ಬರೆಯಲಿಲ್ಲ, ಅಕ್ಷರ ನೋಡಿದರೆ ನಿನಗೆ ಗೊತ್ತಾಗಿಬಿಡುತ್ತದೆ ಅಂತ. ನಿನ್ನ ಎರಡು ಕೈಯೂ ಚೆನ್ನಾಗಿದ್ದವಲ್ಲ?

ಬರಬೇಡ ಅಂದೆ, ನಿಜ. ನಾನು ಬೇಡ ಅಂದದ್ದನ್ನು ಹುಟ್ಟಿದಾಗಿನಿಂದ ಯಾವತ್ತು ಕೇಳಿದ್ದೀಯ, ಇದೊಂದನ್ನು ಕೇಳುವುದಕ್ಕೆ?

ಮಚ್ಚನ್ನು ಅಂಚೆಗೆ ಹಾಕಬೇಡ. ರಸ್ತೆ ತೆರೆದಿದೆ. ನೀನೇ ತೆಗೆದುಕೊಂಡು ಬಾ. ಯಾವತ್ತು ಬರುತ್ತೀಯ ಅಂತ ಕಾಗದ ಬರಿ. ನನಗೆ ಬರಿ.

ನಿನ್ನ ಮಗಳು